ಈಶ್ವರಮ್ಮನ ಮರಕ್ಕೆ ಹೊಡೆದ ಶ್ರದ್ಧಾಂಜಲಿ

ಬೆಂಗಳೂರಿನಲ್ಲಿ ಮರಕ್ಕೆ ಮೊಳೆ ಹೊಡೆದು ಫ್ಲೆಕ್ಸ್ ಕಟ್ಟುವಂತಿಲ್ಲ. ಇದೇನು ಹೊಸ ಸುದ್ದಿಯಲ್ಲ, ನಿಮಗೂ ಗೊತ್ತು. ಗೊತ್ತಿದ್ದೇ ಅಂಥ ಫ್ಲೆಕ್ಸಿನ ಕೆಳಗೆ ಗಾಡಿ ನಿಲ್ಲಿಸಿ ತರಕಾರಿ ಕೊಳ್ಳುತ್ತೀರಿ.

ಪದ್ಮನಾಭನಗರದ ಈಶ್ವರಮ್ಮನವರಿಗೆ ಮನೆ ಎಂದರೆ ಅಡುಗೆ ಮಾಡುವ, ಮಲಗುವ ಜಾಗ. ಮಿಕ್ಕ ಬದುಕೆಲ್ಲ ಬಾಗಿಲಾಚೆಯ ಹೊಂಗೆ ಮರದ ಕೆಳಗೆ. ಸುತ್ತ ಖಾಲಿ ಸೈಟುಗಳೇ ಇದ್ದ ಕಾಲದಲ್ಲಿ ಸಸಿ ನೆಟ್ಟು, ಅಕ್ಕಿ ತೊಳೆದ ನೀರು ಹಾಕಿ ಬೆಳೆಸಿದವರು ಅವರೇ. ಗಂಡ ಬೇಗ ಹೋದರು. ಮಗಳು ವನಿತಾ, ಮಗ ಭೀಮೇಶ್ ಓದಿ ಬರೆದು ಮಾಡಿದ್ದು ಆ ನೆರಳಿನಲ್ಲಿ. ಮಗನಿಗೆ ಹೆಣ್ಣು ಕೊಡಲು ಬಂದವರನ್ನೂ ಚಾಪೆ ಹಾಸಿ ಅಲ್ಲೇ ಕೂರಿಸಿದ್ದರು. ಅವರು ಮುಖ ಸಿಂಡರಿಸಿದಾಗ, "ಒಳಗೇನೈತೆ ನೋಡಕ್ಕೆ? ಗಾಳಿ ಇಲ್ಲೇ ಇರೋದು, ಕೂತ್ಕೊಳಿ" ಅಂದರಂತೆ. ಅವರೆಕಾಯಿ ಕಾಲ ಬಂತೆಂದರೆ ಬೀದಿಯ ಹೆಂಗಸರೆಲ್ಲ ಅಲ್ಲಿ. ನೆನೆಸಿದ ಕಾಳು ಹಿತುಕುತ್ತಾ ಇಡೀ ಏರಿಯಾದ ಸುದ್ದಿಯನ್ನೇ ಹಿಂಡಿಹಾಕುತ್ತಿದ್ದರು.

ಈ ಸಲ ಸಂಕ್ರಾಂತಿ ಕಳೆದ ಮೇಲೆ ಅವರು ತೀರಿಕೊಂಡರು. ಮಗಳಿಗೆ ಹೇಳಿಹೋಗಿದ್ದು ಒಂದೇ: "ತಿಥಿ ದಿನ ನನ್ ಎಡೆ ಮನೆಯೊಳಗಿಡಬೇಡ ಕಣೇ. ನಾನಂತೂ ಒಳಗೆ ಬರಲ್ಲ." ಮರದ ಬುಡದಲ್ಲಿ ಬಾಳೆಲೆ, ಮುದ್ದೆ, ಹಿತುಕಿದ ಬೇಳೆ ಸಾರು. ಕೇಳಿದ್ದು ಅಷ್ಟೇ.

ತಿಥಿಯ ಬೆಳಗ್ಗೆ ವನಿತಾ ಬಾಗಿಲು ತೆಗೆದರೆ ಮರದ ತುಂಬ ಫ್ಲೆಕ್ಸ್! 'ಹಸಿರು ಪ್ರೇಮಿ ಅಜ್ಜಿಗೆ ಭಾವಪೂರ್ಣ ಶ್ರದ್ಧಾಂಜಲಿ.' ಕಡಿದ ಕೊಂಬೆಗಳು ರಸ್ತೆಯಲ್ಲಿ. ಚುನಾವಣೆಯ ಟಿಕೆಟ್ಟಿಗೆ ಓಡಾಡುತ್ತಿರುವ, ಅದೇ ಬೀದಿಯ ಮನೋಜ್ ಸುತ್ತಿಗೆ ಹಿಡಿದು ನಿಂತಿದ್ದ.

"ಏನೋ ಇದು?"

"ಅಜ್ಜಿಗೆ ಗೌರವ ಬೇಡ್ವಾ ಅಕ್ಕ?"

"ಕೊಂಬೆ ಯಾಕೋ ಕಡಿದೆ?"

"ಫೋಟೊ ಕಾಣ್ಬೇಕಲ್ಲಕ್ಕ!"

"ಅಮ್ಮನ್ ಫೋಟೊ ಮೂಲೇಲಿ ಸ್ಟಾಂಪ್ ಸೈಜಲ್ಲಿದೆ. ಕಾಣ್ತಿರೋದು ನಿನ್ ಹಲ್ಲು!"

ತಮ್ಮ ಭೀಮೇಶ್ ಸಮಾಧಾನ ಮಾಡಲು ಬಂದ. "ಬಿಡಕ್ಕ, ಪ್ರೀತಿಯಿಂದ ಹಾಕವ್ರೆ. ಎಡೆ ಒಳಗೇ ಇಟ್ಬಿಡು."

ವನಿತಾ ಒಳಗೆ ಹೋದದ್ದು ನಿಜ. ತಂದದ್ದು ಸ್ಟೂಲು ಮತ್ತು ಇಕ್ಕಳ. ಒಂದೊಂದೇ ಮೊಳೆ ಕಿತ್ತರು. ಕೊನೆಯದು ಅರ್ಧಕ್ಕೆ ಮುರಿದು ಮರದೊಳಗೇ ಉಳಿಯಿತು. ಅದೇ ಮರದಡಿ ಕಾಳು ಹಿತುಕಿದವರೆಲ್ಲ ಬಾಲ್ಕನಿಯಲ್ಲಿ ನಿಂತು ನೋಡಿದರು. ಕೆಲವರು ವಿಡಿಯೊ ಮಾಡಿಕೊಂಡರು. ಸ್ಟೂಲು ಹಿಡಿದುಕೊಳ್ಳಲು ಒಬ್ಬರೂ ಇಳಿದು ಬರಲಿಲ್ಲ.

ಎಡೆಯನ್ನು ಹೊರಗೇ ಇಟ್ಟರು. ನೆರಳಿರಲಿಲ್ಲ, ಬಾಳೆಲೆ ಬಿಸಿಲಿಗೆ ಸುರುಟಿಕೊಂಡಿತು.

ನಿಮ್ಮ ಬೀದಿಯಲ್ಲೂ ಮೊಳೆ ಬಿದ್ದ ಮರವಿದೆ. ಮನೆಯಲ್ಲಿ ಇಕ್ಕಳವೂ ಇದೆ. ಇದನ್ನು ಓದಿ ಲೊಚಗುಟ್ಟಬೇಡಿ. ಕೆಳಗಿಳಿದು ಬನ್ನಿ, ಕೀಳಿ.