ಕೆಂಪು ಚುಕ್ಕಿ, ನೇರಳೆ ಚುಕ್ಕಿ

ನಮ್ಮಣ್ಣನಿಗೆ ಸಿಟ್ಟು ಬರುವುದು ವರ್ಷಕ್ಕೊಮ್ಮೆ. ಅವನ ಪಾಲಿನ ಸಿಟ್ಟನ್ನೂ ನನಗೇ ಕೊಟ್ಟು ಕಳಿಸಿದ್ದಾರೆ ಎಂದು ಅಮ್ಮ ಹೇಳುತ್ತಿದ್ದಳು. ಹಾಗಾಗಿ ಕಥೆ ಅವನದಾದರೂ ಹೇಳುವವಳು ನಾನು. ಅವನ ಬಾಯಿಗೆ ಬಿಟ್ಟರೆ ‘ಹೋಗ್ಲಿ ಬಿಡು’ ಎಂಬಲ್ಲಿಗೆ ಮುಗಿದುಹೋಗುತ್ತದೆ.

ಅಣ್ಣ ಲಿಫ್ಟ್ ಮೆಕ್ಯಾನಿಕ್. ಹಗಲೆಲ್ಲ ಗ್ರೀಸ್ ಮೆತ್ತಿದ ನೀಲಿ ಅಂಗಿ, ಸಂಜೆಯಾದರೆ ಬೇಸ್ ಗಿಟಾರ್. ಮದುವೆ ಆಗಲಿಲ್ಲ. ಯಾಕೆ ಎಂದರೆ, ‘ನಾಲ್ಕು ತಂತಿ ಸಂಭಾಳಿಸೋದೇ ಸಾಕಾಗಿದೆ ಮಾರಾಯ್ತಿ’ ಅನ್ನುತ್ತಾನೆ. ನಮ್ಮ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಾನೆ, ಊಟಕ್ಕೆ ಕೆಳಗೆ ಬರುತ್ತಾನೆ. ಕೋಣೆಯಲ್ಲಿ ಒಂದು ಮಂಚ, ಒಂದು ಕಪಾಟು, ಸ್ಪ್ಯಾನರ್ ಪೆಟ್ಟಿಗೆ, ಮತ್ತು ಗಿಟಾರಿನ ಸದ್ದು ಹಿಗ್ಗಿಸುವ, ಅಡುಗೆಮನೆಯ ಸ್ಟೂಲಿಗಿಂತ ಗಿಡ್ಡದಾದ ಒಂದು ಆಂಪ್. ಇಪ್ಪತ್ತು ವರ್ಷ ಅದನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಮೆಟ್ಟಿಲು ಇಳಿದಿದ್ದಾನೆ.

ಆ ಪುಟ್ಟ ಡಬ್ಬದಿಂದ ಚೊಕ್ಕವಾದ ಸದ್ದು ತೆಗೆಯುವುದು ಎಲ್ಲರ ಕೈಲಾಗುವ ಕೆಲಸವಲ್ಲ. ಅದರ ಮೇಲೆ ಗೇನ್ ಎಂಬ ಒಂದು ಗುಂಡಿ, ಮಾಸ್ಟರ್ ಎಂಬ ಇನ್ನೊಂದು. ಗೇನ್ ತಂತಿಯಿಂದ ಒಳಗೆ ಬರುವ ಸದ್ದಿಗೆ, ಮಾಸ್ಟರ್ ಹೊರಗೆ ಹೋಗುವ ಸದ್ದಿಗೆ. ಗೇನ್ ತಗ್ಗಿಸಿ ಮಾಸ್ಟರ್ ಏರಿಸಿದರೆ ಪ್ರತಿ ಸ್ವರವೂ ತೊಳೆದಿಟ್ಟ ಹಾಗೆ ಬಿಡಿಬಿಡಿಯಾಗಿ ಬರುತ್ತದೆ. ಗೇನ್ ಏರಿಸಿ ಮಾಸ್ಟರ್ ತಗ್ಗಿಸಿದರೆ ಸದ್ದು ಒಡೆದು ಗರ್ರೆಂದು ಗುರುಗುಟ್ಟುತ್ತದೆ. ಅದಕ್ಕೆ ಅವರು ಡ್ರೈವ್ ಅನ್ನುತ್ತಾರೆ. ‘ಚಿಕ್ಕ ಸ್ಪೀಕರ್ ಕಣೇ ಇದು, ತಗ್ಗಿನ ಸದ್ದನ್ನೆಲ್ಲ ಇದರ ಮೇಲೆ ಹೇರಬಾರದು. ಸ್ವಲ್ಪ ತೆಗೆದು, ಮಧ್ಯದ್ದನ್ನ ಎತ್ತಿ ಕೊಡ್ಬೇಕು. ಆಮೇಲೆ ನೆಲದ ಮೇಲಿಡದೆ ಕುರ್ಚಿ ಮೇಲೆ ಇಡ್ಬೇಕು. ಆಗ ನೋಡು’ ಎಂದು ಹೇಳುತ್ತಾ ಅವನು ತಂತಿ ಮೀಟಿದರೆ ಕೆಳಗೆ ನನ್ನ ಹೊಲಿಗೆ ಯಂತ್ರದ ಮೇಲಿಟ್ಟ ಕತ್ತರಿ ಅದುರುತ್ತಿತ್ತು.

ವೇದಿಕೆಯ ಮಂಕು ಬೆಳಕಲ್ಲಿ ತಡಕಾಡಬಾರದೆಂದು ಗುಂಡಿಗಳ ಸುತ್ತ ನನ್ನ ಉಗುರು ಬಣ್ಣದಲ್ಲೇ ಗುರುತು ಹಾಕಿಕೊಂಡಿದ್ದ. ಕೆಂಪು ಚುಕ್ಕಿ ಚೊಕ್ಕ ಸದ್ದಿಗೆ, ನೇರಳೆ ಚುಕ್ಕಿ ಡ್ರೈವ್‌ಗೆ. ಡ್ರೈವ್ ಬೇಕಾಗುತ್ತಿದ್ದದ್ದು ಕೊನೆಯ ಹಾಡಿಗೆ ಮಾತ್ರ.

ಬ್ಯಾಂಡ್ ನಮ್ಮವರದು, ಎಂದರೆ ನನ್ನ ಗಂಡನದು. ಹಾಡುವವರೂ ಅವರೇ, ಯಜಮಾನರೂ ಅವರೇ. ಮಾತಂತೂ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಅಣ್ಣನೂ ಅವರೂ ಶಾಲೆಯಿಂದ ಒಂದೇ ಬೆಂಚು. ಅವರನ್ನು ನಮ್ಮ ಮನೆಗೆ ಕರೆತಂದವನು ಅಣ್ಣ, ನನ್ನನ್ನು ಅವರಿಗೆ ಕೊಡಿಸಲು ಅಪ್ಪನ ಜೊತೆ ಜಗಳಕ್ಕೆ ನಿಂತವನೂ ಅಣ್ಣನೇ. ಹೋಟೆಲಿನ ಹಾಲ್‌ಗಳು, ಆಫೀಸಿನವರ ಪಾರ್ಟಿಗಳು, ಎಲ್ಲ ಕಡೆ ಇಬ್ಬರೂ ಒಟ್ಟಿಗೇ. ಬ್ಯಾಂಡಿನವರ ಕೋಟು ಹೊಲಿಯುವುದು, ಇಸ್ತ್ರಿ ಮಾಡುವುದು ನನ್ನ ಕೆಲಸ.

ಎರಡು ವರ್ಷದ ಹಿಂದೆ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಅಣ್ಣನ ಎಡಗೈಯ ಎರಡು ಬೆರಳು ಜಜ್ಜಿಹೋದವು. ವಾಸಿಯಾದರೂ ಮೊದಲಿನ ಚುರುಕು ಬರಲಿಲ್ಲ. ಆಗ ನಮ್ಮವರು ಎಲ್ಲರೆದುರು ಅವನ ಹೆಗಲ ಮೇಲೆ ಕೈ ಹಾಕಿ, ‘ಭಾವ ಇಲ್ದೆ ಬ್ಯಾಂಡ್ ಇಲ್ಲ. ಬೆರಳು ನಿಧಾನ ಆದ್ರೆ ಹಾಡೂ ನಿಧಾನ ಮಾಡೋಣ, ಅದಕ್ಕೇನಂತೆ!’ ಎಂದರು. ನಾನು ಒಳಗೆ ಹೋಗಿ ಅತ್ತೆ. ಇಂಥವರನ್ನು ಪಡೆಯಲು ಪುಣ್ಯ ಮಾಡಿರಬೇಕು ಅಂದುಕೊಂಡೆ. ಎಂಥಾ ದಡ್ಡಿ ನಾನು!

ಆಮೇಲಿನಿಂದ ಅಣ್ಣನಿಗೆ ಒಂದು ಹೊಸ ಅಭ್ಯಾಸ ಶುರುವಾಯಿತು. ಪ್ರತಿ ಕಾರ್ಯಕ್ರಮ ಮುಗಿದ ಮೇಲೆ ಕೋಟು ಬಿಚ್ಚಿ ನನ್ನ ಕೈಗೆ ಕೊಡುತ್ತಾ, ‘ಕೇಳಿಸ್ತೇನೇ?’ ಅನ್ನುತ್ತಿದ್ದ. ನಾನು ಇರುತ್ತಿದ್ದದ್ದು ವೇದಿಕೆಯ ಪಕ್ಕದ ಕೋಣೆಯಲ್ಲಿ, ಇಸ್ತ್ರಿ ಪೆಟ್ಟಿಗೆಯ ಜೊತೆ. ಹಾಲ್‌ಗೆ ಇಣುಕಿದವಳೂ ಅಲ್ಲ. ಆದರೂ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದೆ. ‘ಕೊನೇ ಸಾಲಿನವರೆಗೂ ಕೇಳಿಸ್ತಣ್ಣ.’ ಪಾಪ, ಖುಷಿಪಡಲಿ ಎಂದು.

ಕಳೆದ ತಿಂಗಳು ಆಂಪಿನ ಚುಕ್ಕಿಗಳು ಸವೆದದ್ದು ಕಂಡು, ಅಣ್ಣ ಕೆಲಸಕ್ಕೆ ಹೋದಾಗ ನಾನೇ ಹೊಸದಾಗಿ ಬಳಿದೆ. ಉಪಕಾರ ಮಾಡಲು ಹೋಗಿ ಎಡವಟ್ಟು ಮಾಡಿದೆ. ಕೆಂಪು ಅಂದರೆ ಜೋರು ಎಂದುಕೊಂಡು ನೇರಳೆ ಇರಬೇಕಾದ ಜಾಗಕ್ಕೆಲ್ಲ ಕೆಂಪು, ಕೆಂಪಿನ ಜಾಗಕ್ಕೆಲ್ಲ ನೇರಳೆ ಇಟ್ಟುಬಿಟ್ಟೆ.

ಆ ಸಂಜೆ ಒಂದು ಕಂಪನಿಯವರ ಪಾರ್ಟಿ. ಅಣ್ಣ ಬಂದವನೇ ಗುಂಡಿಗಳನ್ನು ಕೆಂಪಿಗೆ ತಿರುಗಿಸಿ ನಿಂತ. ಮೊದಲ ಹಾಡು ಜೋಗುಳದಷ್ಟು ಮೆತ್ತಗಿನದು. ಅಣ್ಣ ತಂತಿ ಮೀಟಿದ್ದೇ ತಡ, ಆಂಪ್ ಗರ್ರೆಂದಿತು! ಪಕ್ಕದ ಕೋಣೆಯಲ್ಲಿದ್ದ ನಾನು ಇಸ್ತ್ರಿ ಪೆಟ್ಟಿಗೆ ಬದಿಗಿಟ್ಟೆ. ಬಾಗಿಲಿಗೆ ಓಡಿಬಂದೆ. ಅಣ್ಣ ಗುಂಡಿಯನ್ನೊಮ್ಮೆ ನೋಡಿದ. ಒಂದು ಕ್ಷಣ ಕೈ ಚಾಚಿದ. ಆಮೇಲೆ ಹಾಗೇ ಬಿಟ್ಟು ನುಡಿಸುತ್ತಾ ಹೋದ. ಅಯ್ಯೋ, ಬೆರಳಿನ ಜೊತೆ ಕಿವಿಯೂ ಹೋಯಿತೇನಪ್ಪಾ ಇವನದು ಅಂದುಕೊಂಡೆ.

ಜನ ಏನನ್ನುತ್ತಾರೋ ಎಂಬ ಹೆದರಿಕೆಯಲ್ಲಿ ಹಾಲ್‌ಗೆ ಹೋದೆ. ಯಾರೂ ತಿರುಗಿಯೂ ನೋಡಿರಲಿಲ್ಲ. ದೊಡ್ಡ ಸ್ಪೀಕರ್‌ಗಳಿಂದ ಬೇಸ್ ಬರುತ್ತಿತ್ತು, ಚೊಕ್ಕವಾಗಿ, ಒಂದು ಸ್ವರವೂ ಒಡೆಯದೆ. ವಾಪಸು ಬಾಗಿಲಿಗೆ ಬಂದೆ, ಗರ್ರ್. ಮತ್ತೆ ಹಾಲ್‌ಗೆ ಹೋದೆ, ನೀರಿನ ಹಾಗೆ ತಿಳಿ. ಆಂಪಿನ ಹಿಂದಿನಿಂದ ಹೊರಡುವ ವೈರೇ ಆ ಸ್ಪೀಕರ್‌ಗಳಿಗೆ ಹೋಗುವುದು. ಅಣ್ಣ ಗುರುಗುಟ್ಟಿಸಿದರೆ ಹಾಲೂ ಗುರುಗುಟ್ಟಬೇಕು. ಹಾಗಾದರೆ ಇದು ಯಾರ ಬೇಸ್? ಕೀಬೋರ್ಡಿನವನ ಕಡೆ ನೋಡಿದೆ. ಅವನ ಕೀಬೋರ್ಡಿನಲ್ಲಿ ಮೊದಲೇ ತುಂಬಿಟ್ಟುಕೊಂಡ ಬೇಸ್ ತನ್ನಷ್ಟಕ್ಕೆ ಓಡುತ್ತಿತ್ತು. ಸೌಂಡಿನವನು ನನ್ನ ಮುಖ ನೋಡಿ ತಲೆ ತಗ್ಗಿಸಿದ.

ಮೈಯೆಲ್ಲ ಉರಿದುಹೋಯಿತು. ಮರುದಿನ ಬೆಳಗ್ಗೆ ನಮ್ಮವರು ಟೀ ಲೋಟ ಹಿಡಿದು ಕೂತಾಗ ಎದುರು ನಿಂತೆ.

‘ರೀ, ಅಣ್ಣನ ಬೇಸ್ ಹಾಲ್‌ಗೆ ಹೋಗ್ತಿದೆಯಾ ಇಲ್ವಾ?’

ಅವರು ಲೋಟ ಕೆಳಗಿಟ್ಟರು. ‘ಯಾರು ಹೇಳಿದ್ರು?’

‘ಯಾರು ಹೇಳಿದ್ರು ಅಂತ ಕೇಳ್ತೀರಲ್ಲ, ಇಲ್ಲ ಅನ್ನೋ ಮಾತು ಬಾಯಿಗೆ ಬರಲಿಲ್ಲ ನೋಡಿ! ಎಷ್ಟು ದಿನದಿಂದ?’

‘ಎರಡು ವರ್ಷ ಆಗ್ತಾ ಬಂತು. ಕೇಳು ಇಲ್ಲಿ. ಅವನ ಕೈ ಓಡಲ್ಲ. ತೆಗೆದು ಹಾಕೋಕೆ ಮನಸ್ಸು ಬರಲಿಲ್ಲ. ಅವನ ಆಂಪ್ ಅವನಿಗೆ ಕೇಳಿಸುತ್ತೆ, ವೇದಿಕೆ ಮೇಲೆ ನಿಲ್ತಾನೆ, ಮರ್ಯಾದೆ ಉಳೀತು. ಒಳ್ಳೇದಕ್ಕೇ ಮಾಡಿದ್ದು ಕಣೇ.’

‘ಗೊಂಬೆ ನಿಲ್ಲಿಸಿದ ಹಾಗೆ ನಿಲ್ಸಿ ಮರ್ಯಾದೆ ಅಂತೀರಾ? ನಾನೂ ಹೊಲಿದ ಕೋಟು ಹಾಕ್ಸಿ ಕಳಿಸ್ತಿದ್ದೆನಲ್ರೀ ಆ ಗೊಂಬೆಗೆ!’

‘ಹೋಗಿ ಹೇಳು ಹಾಗಾದ್ರೆ. ಅವನಿಗೆ ಇರೋದು ಅದೊಂದೇ. ಅದನ್ನೂ ಕಿತ್ಕೊಂಡ ಮೇಲೆ ಅವನು ಏನು ಮಾಡ್ತಾನೆ, ಅದನ್ನೂ ಯೋಚನೆ ಮಾಡಿ ಹೇಳು’ ಎಂದರು.

ಇಷ್ಟಾದರೂ ‘ಅವರು’ ಎಂದೇ ಬರೆಯುತ್ತಿದ್ದೇನೆ ನೋಡಿ, ಹಾಳು ಅಭ್ಯಾಸ. ಅವರ ಆ ಕೊನೆಯ ಮಾತು ನನ್ನ ಬಾಯಿಗೆ ಬೀಗ ಹಾಕಿತು. ಮೂರು ದಿನ ಅಣ್ಣ ಊಟಕ್ಕೆ ಇಳಿದು ಬಂದ, ಮೂರು ದಿನ ನಾನು ಬಡಿಸಿದೆ. ಹೇಳಿದರೆ ಅವನ ಬದುಕಿನ ಏಕೈಕ ಸುಖ ಹೋಗುತ್ತದೆ, ಹೇಳದಿದ್ದರೆ ನಾನೂ ಆ ಕಳ್ಳರ ಗುಂಪಿಗೆ ಸೇರುತ್ತೇನೆ. ನಮ್ಮವರು ಎಂದಿನ ಹಾಗೆ, ‘ಭಾವ, ಇನ್ನೊಂದು ಸ್ವಲ್ಪ ಹಾಕಿಸ್ಕೊಳ್ಳಿ’ ಎಂದು ಉಪಚಾರ ಮಾಡುವಾಗ ಸೌಟಿನಲ್ಲಿ ಹೊಡೆಯಬೇಕು ಎನ್ನಿಸುತ್ತಿತ್ತು.

ನಾಲ್ಕನೆಯ ದಿನ ತಡೆಯಲಾಗಲಿಲ್ಲ. ಅವನಿಗೆ ರಜೆ ಇತ್ತು. ಮೇಲೆ ಹೋದೆ. ಆಂಪನ್ನು ಕುರ್ಚಿಯ ಮೇಲಿಟ್ಟು ಬಟ್ಟೆಯಲ್ಲಿ ಒರೆಸುತ್ತಿದ್ದ. ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟೆ. ವೈರು, ಕೀಬೋರ್ಡು, ಎರಡು ವರ್ಷ, ಎಲ್ಲ. ಅವನು ಒರೆಸುವುದನ್ನು ನಿಲ್ಲಿಸಲಿಲ್ಲ.

‘ಗೊತ್ತು’ ಅಂದ.

‘ಗೊತ್ತಾ!’

‘ಎಂಟು ತಿಂಗಳ ಹಿಂದೆ ಒಂದು ಸಲ ನಾನು ಹಾಲ್‌ಗೆ ಹೋಗೋ ವೈರ್ ಚುಚ್ಚೋದೇ ಮರ್ತಿದ್ದೆ. ಸೌಂಡಿನವನು, ಬೇಸ್ ಸೂಪರ್ ಸಾರ್ ಅಂತ ಹೆಬ್ಬೆರಳು ಎತ್ತಿದ. ಅವತ್ತಿಂದ ಪ್ರತಿ ಸಲ ಶುರು ಆಗೋ ಮೊದ್ಲು ನಾನೇ ವೈರ್ ಕೀಳ್ತೀನಿ. ಯಾರಾದ್ರೂ ಬಂದು, ಅಣ್ಣ ನಿಮ್ದು ಕೇಳಿಸ್ತಿಲ್ಲ ಅಂತಾರೇನೋ ಅಂತ ಕಾಯ್ತೀನಿ. ಒಬ್ಬರೂ ಬಂದಿಲ್ಲ.’

‘ಮೊನ್ನೆ ಅಷ್ಟು ಗರ್ ಅಂತಿದ್ರೂ ಗುಂಡಿ ತಿರುಗಿಸ್ಲಿಲ್ಲ...’

‘ಯಾರಿಗೋಸ್ಕರ ತಿರುಗಿಸ್ಲಿ?’

ನನಗೆ ಅಳು ಒತ್ತರಿಸಿ ಬಂತು. ‘ಗೊತ್ತಿದ್ದೂ ನನಗೊಂದು ಮಾತು ಹೇಳ್ಬಾರ್ದಿತ್ತೇನೋ ಅಣ್ಣ? ಅವರ ಗ್ರಹಚಾರ ಬಿಡಿಸ್ತಿದ್ದೆ!’

ಆಗ ಅವನು ಮೊದಲ ಸಲ ನನ್ನ ಮುಖ ನೋಡಿದ. ‘ನಿನಗೆ ಗೊತ್ತಿದೆ ಅಂತಲೇ ಅಂದ್ಕೊಂಡಿದ್ದೆ ಕಣೇ. ಪ್ರತಿ ಸಲ ಕೇಳ್ತಿದ್ನಲ್ಲ, ಕೇಳಿಸ್ತಾ ಅಂತ. ಕೊನೇ ಸಾಲಿನವರೆಗೂ ಕೇಳಿಸ್ತು ಅಂತಿದ್ದೆ. ವೈರ್ ನನ್ನ ಜೇಬಲ್ಲಿರ್ತಿತ್ತು.’

ನಾನು ಹಾಲ್‌ಗೇ ಹೋಗಿರಲಿಲ್ಲ ಎಂದೆ. ನಿನ್ನನ್ನು ಖುಷಿಪಡಿಸಲು ಹಾಗೆ ಹೇಳಿದೆ ಎಂದೆ. ನನ್ನಾಣೆ, ನನಗೆ ತಿಳಿದದ್ದು ಮೊನ್ನೆಯಷ್ಟೇ ಎಂದೆ.

‘ಮೊನ್ನೆ ಅಂದ್ರೆ?’

‘ಮೂರು ದಿನ ಆಯ್ತು.’

‘ಮೂರು ದಿನ ಬಡಿಸಿದೆಯಲ್ಲ’ ಅಂದ. ಸಿಟ್ಟಿನಲ್ಲಿ ಅಂದಿದ್ದರೆ ನಾನೂ ನಾಲ್ಕು ಮಾತು ಆಡುತ್ತಿದ್ದೆ. ಅವನು ಸುಮ್ಮನೆ ಅಂದ.

ಆಮೇಲೆ ಬಟ್ಟೆಗೆ ಥಿನ್ನರ್ ಹಚ್ಚಿ ಚುಕ್ಕಿಗಳನ್ನು ಒಂದೊಂದಾಗಿ ಅಳಿಸಿದ. ಕೆಂಪೂ ಹೋಯಿತು, ನೇರಳೆಯೂ ಹೋಯಿತು. ಗೇನ್ ತಗ್ಗಿಸಿ, ಕಣ್ಣು ಮುಚ್ಚಿ, ಕಿವಿಯಲ್ಲೇ ಹುಡುಕಿ ಒಂದು ಕಡೆ ನಿಲ್ಲಿಸಿದ. ಬೆರಳು ನಿಧಾನ ನಿಜ. ಆದರೆ ಆ ಪುಟ್ಟ ಡಬ್ಬದಿಂದ ಅಷ್ಟು ಚೊಕ್ಕ ಸದ್ದು ಬಂದದ್ದನ್ನು ನಾನು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಅದನ್ನು ಅವನಿಗೆ ಹೇಳಬೇಕೆಂದು ಬಾಯಿ ತೆರೆದೆ. ನಾನು ಹೇಳಿದರೆ ಅವನು ನಂಬಬೇಕಲ್ಲ!

ಬ್ಯಾಂಡಿಗೆ ಅವನು ಮತ್ತೆ ಹೋಗಲಿಲ್ಲ, ನಾನು ಕೋಟು ಮುಟ್ಟಲಿಲ್ಲ. ಮುಂದಿನ ಕಾರ್ಯಕ್ರಮ ಚೆನ್ನಾಗಿಯೇ ಆಯಿತಂತೆ. ಯಾರೂ ಏನೂ ಕೇಳಲಿಲ್ಲವಂತೆ. ಅಣ್ಣ ಈಗಲೂ ಊಟಕ್ಕೆ ಇಳಿದು ಬರುತ್ತಾನೆ, ಲಿಫ್ಟಿನ ಸುದ್ದಿ ಹೇಳುತ್ತಾನೆ, ನಗಿಸುತ್ತಾನೆ. ಸಂಜೆ ಮೇಲೆ ಬೇಸ್ ಮಿಡಿಯುತ್ತದೆ, ಕೆಳಗೆ ನನ್ನ ಕತ್ತರಿ ಅದುರುತ್ತದೆ. ಒಂದೊಂದು ಸ್ವರವೂ ಸ್ಪಷ್ಟವಾಗಿ ಕೇಳಿಸುತ್ತದೆ. ಕೇಳಿಸಿತೇ ಎಂದು ಮಾತ್ರ ಅವನು ಆಮೇಲೆ ಒಂದು ದಿನವೂ ನನ್ನನ್ನು ಕೇಳಿಲ್ಲ.