ಮೈಗೆ ಹತ್ತದ ಮುದ್ದೆ

ನಿನ್ನೆ ಹುರುಳಿಕಾಳಿನ ಬಸ್ಸಾರಿಗೆ ಒಗ್ಗರಣೆ ಹಾಕಿದೆ. ಬೆಳ್ಳುಳ್ಳಿ ಕೆಂಪಗಾಗಿ ಆ ವಾಸನೆ ಎದ್ದದ್ದೇ ತಡ, ಹೊಳೆನರಸೀಪುರದ ನಮ್ಮ ಪಕ್ಕದ ಮನೆಯ ದೊಡ್ಡಮ್ಮ ನೆನಪಾದರು. ನೆಂಟರೇನಲ್ಲ, ಬೀದಿಗೆಲ್ಲ ಅವರು ದೊಡ್ಡಮ್ಮನೇ. ಅವರ ಮನೆಯ ಒಗ್ಗರಣೆಯ ವಾಸನೆ ನಮ್ಮ ಅಡುಗೆಮನೆಗೆ ಬಂದರೆ, ಹಿಂದೆಯೇ ಒಂದು ಬಟ್ಟಲು ಸಾರೂ ಬರುತ್ತಿತ್ತು.

ದೊಡ್ಡಮ್ಮ ತಮ್ಮ ಮಗನಿಗೆ ಅರಕಲಗೂಡು ಕಡೆಯಿಂದ ಹೆಣ್ಣು ತಂದಿದ್ದರು. ಮದುವೆಯಲ್ಲಿ ಮೈಕೈ ತುಂಬಿಕೊಂಡಿದ್ದ ಹುಡುಗಿ ವರ್ಷ ತಿರುಗುವುದರೊಳಗೆ ಕಡ್ಡಿಯಾದಳು. ತಿನ್ನುತ್ತಿರಲಿಲ್ಲವೇ? ಒಂದು ಮುದ್ದೆ ಮುಗಿಸಿ ಇನ್ನೊಂದಕ್ಕೆ ಕೈ ಚಾಚುತ್ತಿದ್ದಳು, ಸಂಜೆಗೆ ಮತ್ತೆ ಹಸಿವು. ಮಾಗಿಯ ಚಳಿಯಲ್ಲಿ ನಾವೆಲ್ಲ ಹೊದ್ದು ಕೂತಿದ್ದರೆ ಅವಳು ಬರಿ ನೆಲದ ಮೇಲೆ, ಫ್ಯಾನು ಹಾಕಿಕೊಂಡು... ಕಾಫಿ ತಂದರೆ ತಟ್ಟೆಯ ಮೇಲೆ ಲೋಟ ಅಲುಗಾಡುವುದು, ಕೈ ಅಷ್ಟು ನಡುಗುತ್ತಿತ್ತು. ಹೊಸ ಜಾಗ, ಹೆದರಿಕೆ ಎಂದುಕೊಂಡೆವು.

ಒಂದು ದಿನ ಅವಳ ತಾಯಿ ಬಂದರು. ಮಗಳ ಜೋತುಬಿದ್ದ ರವಿಕೆ ನೋಡಿದ್ದೇ, ಬಾಗಿಲಲ್ಲೇ ನಿಂತು ಬೀದಿಗೆಲ್ಲ ಕೇಳುವಂತೆ ಕೂಗಿದರು: "ನನ್ ಮಗಳ್ಗೆ ಏನ್ ಇಕ್ತಿದ್ದೀರಿ ಬೀಗ್ತೀ? ಒಂದಿಡಿ ಕೂಳ್ಗೂ ಬರವಾ ನಿಮ್ಮನೇಲಿ?"

"ಎರಡ್ ಮುದ್ದೆ ಉಣ್ತಾಳೆ ಕಣವ್ವಾ, ಬೇಕಾರೆ ಅವ್ಳನ್ನೇ ಕೇಳಿ," ಎಂದರು ದೊಡ್ಡಮ್ಮ.

ಹುಡುಗಿ ಹೌದೆಂದಳು. ಅತ್ತೆಗೆ ಹೆದರಿ ಹೌದನ್ನುತ್ತಿದ್ದಾಳೆ ಎಂದು ತಾಯಿ ಅವಳನ್ನು ಕರೆದುಕೊಂಡೇ ಹೋದರು. ಸೊಸೆಗೆ ಊಟ ಇಕ್ಕದ ಮನೆ ಎಂಬ ಮಾತೂ ಅವರ ಜೊತೆಗೇ ಬಸ್ಸು ಹತ್ತಿತು. ದೊಡ್ಡಮ್ಮ ಬೀದಿಗೆ ಬರುವುದನ್ನೇ ಬಿಟ್ಟರು. ನಾನೇ ಹೋಗಿ ಮಾತಾಡಿಸಿದೆ.

"ನಾನೇನ್ ಮುಚ್ಚಿಟ್ಕೊಂಡ್ ಉಂಡ್ನಾ? ಎಣ್ಮಗ ಅಸ್ಕೊಂಡಿದ್ರೆ ನಂಗೆ ಗಂಟ್ಲಲ್ಲಿ ಇಳೀತಿತ್ತಾ?" ಎಂದು ಸೆರಗು ಬಾಯಿಗಿಟ್ಟುಕೊಂಡರು.

ತವರಲ್ಲಿ ತಾಯಿ ತುಪ್ಪ, ಮೊಟ್ಟೆ, ಕೋಳಿ ಸಾರು ಎಂದು ತುರುಕಿದ್ದೇ ತುರುಕಿದ್ದು. ಹುಡುಗಿ ಇನ್ನೂ ಇಳಿದಳು. ಆಗ ಆ ತಾಯಿಗೇ ಗಾಬರಿಯಾಗಿ ಹಾಸನದ ಡಾಕ್ಟರಿಗೆ ತೋರಿಸಿದರು, ದೊಡ್ಡಮ್ಮನಿಗೂ ಹೇಳಿಕಳಿಸಿದರು. ದೊಡ್ಡಮ್ಮ ನನ್ನನ್ನೂ ಎಳೆದುಕೊಂಡು ಹೋದರು. ರಕ್ತಪರೀಕ್ಷೆ ನೋಡಿ ಡಾಕ್ಟರು, "ಗಂಟಲಲ್ಲಿ ಥೈರಾಯ್ಡ್ ಗ್ರಂಥಿ ಇದೆಯಲ್ಲ, ಅದರ ಹಾರ್ಮೋನು ಜಾಸ್ತಿಯಾಗಿದೆ. ಮಲಗಿದ್ರೂ ಮೈ ದುಡೀತಾನೇ ಇರುತ್ತೆ. ತಿಂದದ್ದು ಸಾಲದೆ ಮೈಯಲ್ಲಿರೋ ಕೊಬ್ಬನ್ನೂ ಕರಗಿಸಿ ಉರಿಸ್ತಿದೆ. ಇದು ಊಟದ ತಪ್ಪಲ್ಲ," ಎಂದರು.

"ಕೊನೇ ಮಾತು ಇನ್ನೊಂದ್ಸಲ ಜೋರಾಗಿ ಯೋಳಿ ಸಾ," ಎಂದರು ದೊಡ್ಡಮ್ಮ. "ನಮ್ ಬೀಗ್ತಿಗೆ ಕೇಳ್ಲಿ."

ಮಾತ್ರೆಯಿಂದ ನಡುಕ ನಿಂತಿತು, ಅತ್ತೆಮನೆಗೆ ವಾಪಸು ಬಂದ ಹುಡುಗಿ ಮೈದುಂಬಿಕೊಂಡಳು. ಉರಿಯುವುದು ಕಡಿಮೆಯಾದರೂ ಎರಡು ಮುದ್ದೆಯ ರೂಢಿ ಹೋಗಲಿಲ್ಲ, ದಪ್ಪವಾಗುತ್ತಲೇ ಹೋದಳು. ಊಟ ಸ್ವಲ್ಪ ಹಿಡಿತದಲ್ಲಿರಲಿ ಎಂದರು ಡಾಕ್ಟರು. ದೊಡ್ಡಮ್ಮ ಬೀಗಿತ್ತಿಗೆ ಫೋನು ಮಾಡಿಸಿದರು. "ನಿಮ್ ಮಗಳ್ಗೆ ಸಾಕು ಅನ್ನೋದ್ನ ನೀವೇ ಬಂದು ಅನ್ನಿ ಕಣವ್ವಾ. ನನ್ ಬಾಯಲ್ಲಿ ಆ ಮಾತು ಬರಾಕಿಲ್ಲ."

ಬೀಗಿತ್ತಿ ಬಂದರು. ನಗುನಗುತ್ತಲೇ ಕಣ್ಣೊರೆಸಿಕೊಂಡರು...

ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಹೋದ ತಿಂಗಳು ಅರಕಲಗೂಡಿನಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಹೆಂಗಸು ನಮ್ಮ ಊರು, ಬೀದಿ ವಿಚಾರಿಸಿ, "ಸೊಸೆಗೆ ಊಟ ಇಕ್ತಿರ್ನಿಲ್ವಂತಲ್ಲ, ಆ ಮನೆ ಅತ್ರನಾ?" ಎಂದಳು. ಅವಳು ಇಳಿಯುವ ತನಕ ಬಿಡದೆ ಎಲ್ಲ ಹೇಳಿದೆ.

"ಅಂಗಾ? ನಮ್ಗೆ ಯಾರೂ ಯೋಳ್ಲೇ ಇಲ್ಲ ಕಣಕ್ಕಾ," ಎಂದು ಚೀಲ ಎತ್ತಿಕೊಂಡು ಇಳಿದಳು.

ಊರಿಗೆ ಬಂದವಳೇ ಪಕ್ಕದ ಮನೆಗೆ ಹೋಗಿ ಆ ಸೊಸೆಗೆ ಹೇಳಿದೆ. ಅಕ್ಕಿ ಆರಿಸುತ್ತಿದ್ದವಳು ಮೊರ ಕೆಳಗಿಟ್ಟಳು.

"ಒಳ್ಳೇದ್ ಮಾಡುದ್ರಿ ಅಕ್ಕಾ," ಎಂದಳು. "ಕೇಳ್ಬೇಕಾಗಿದ್ದೋರೇ ಇಲ್ಲ..."