ಹನ್ನೆರಡು ಸೀಳಿನ ಕುದುರೆ

ಸಿನಿಮಾ ಹುಟ್ಟೋಕೆ ಮುಂಚೆ ಜನ ಓಡೋ ಚಿತ್ರ ನೋಡ್ತಿದ್ದಂಥ ಮರದ ಡಬ್ಬಿಯೊಂದನ್ನ ಶಾಲೆ ಮಕ್ಕಳಿಗೆ ತೋರಿಸೋಕೆ ಮಾಡಿದ್ದೆ. ದುಂಡನೆ ಡಬ್ಬಿ, ಒಳಗೆ ಸುತ್ತಲೂ ಓಟದ ಒಂದೊಂದು ಹೆಜ್ಜೆಯ ಕುದುರೆ ಚಿತ್ರ, ಡಬ್ಬಿಯ ಗೋಡೆಯಲ್ಲಿ ಹನ್ನೆರಡು ಸೀಳು. ಡಬ್ಬಿ ತಿರುಗಿಸಿ ಸೀಳಿನಿಂದ ನೋಡಿದ್ರೆ ಕುದುರೆ ಓಡುತ್ತೆ.

ಬಣ್ಣಕ್ಕೆ ಅಂತ ಯಶವಂತಪುರದ ಬಡಗಿ ರಫೀಕ್ ಭಾಯ್ ಹತ್ರ ಕೊಟ್ಟಿದ್ದೆ. ಹತ್ತು ಗಂಟೆಗೆ ಕೆಂಪಾಪುರದ ಶಾಲೇಲಿರಬೇಕು, ಎಂಟಕ್ಕೆ ಹೋಗಿ ನೋಡಿದ್ರೆ ಡಬ್ಬಿ ಫಳಫಳ ಹೊಳೀತಿದೆ. ಸೀಳು ಒಂದೂ ಇಲ್ಲ.

"ತುಂಬಾ ಬಿರುಕು ಬಿಟ್ಟಿತ್ತು ಸಾರ್, ಪುಟ್ಟಿ ತುಂಬಿ ಉಜ್ಜಿದೀನಿ."

"ಬಿರುಕು ಇಷ್ಟು ಅಳತೆಯಾಗಿ ಬಿಡುತ್ತಾ ಭಾಯ್?"

"ನಂಗೂ ಅದೇ ಆಶ್ಚರ್ಯ ಸಾರ್."

ಇಬ್ಬರೂ ಕೂತು ಬ್ಲೇಡಲ್ಲಿ ಪುಟ್ಟಿ ಕೆರೆದು ತೆಗೆದ್ವಿ. ಡಬ್ಬಿ ತಿರುಗಿಸಿದೆ. ಭಾಯ್ ಬಗ್ಗಿ ಕುದುರೆ ಓಡೋದನ್ನ ಬಹಳ ಹೊತ್ತು ನೋಡಿದ್ರು.

"ಚೆನ್ನಾಗಿದೆ ಸಾರ್. ಆದ್ರೆ ರಫೀಕ್ ಸಂದು ಬಿಟ್ಟು ಕೆಲಸ ಮಾಡಿಕೊಟ್ಟ ಅಂತ ಯಾರ್ಗೂ ಹೇಳ್ಬೇಡಿ."

ಯಾರಿಗೂ ಹೇಳಿಲ್ಲ. ಬರೆದಿದ್ದೀನಿ, ಅಷ್ಟೆ.